ಪದ ಪರಿಚಯ: ಸುಗಮ್ಯ ಶೌಚಾಲಯ

ವಿಜಯಪುರಕ್ಕೆ ಹೋಗುವ ದಿನ ನಮ್ಮ ಚಿಕ್ಕವ್ವ ಬೆಳಿಗ್ಗೆ ಚಹಾ ಕುಡಿಯುವುದಿಲ್ಲ. ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡಿರುತ್ತಾಳೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎರಡೂ ಕಾಲಿನ ಶಕ್ತಿ ಹೋಯಿತು. ಈಗ ಗಾಲಿಕುರ್ಚಿಯ ಮೇಲೆ ಓಡಾಡುತ್ತಾಳೆ. ಮೇ ತಿಂಗಳ ವಿಜಯಪುರದ ಬಿಸಿಲು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ತುಟಿ ಒಣಗಿರುತ್ತದೆ, ಕಣ್ಣು ಒಳಗೆ ಹೋಗಿರುತ್ತದೆ. “ಒಂದ ಗುಟುಕರ ಕುಡಿ ಚಿಕ್ಕವ್ವ” ಅಂತ ಬಾಟಲಿ ಮುಂದೆ ಹಿಡಿದರೆ, “ಕುಡದ ಮ್ಯಾಲ ಎಲ್ಲಿ ಹೋಗ್ಲಿ? ಜಾಗಾ ತೋರಸು, ಕುಡೀತೀನಿ” ಅನ್ನುತ್ತಾಳೆ.

ಅವಳು ಕೇಳುವ ಆ ಜಾಗಕ್ಕೆ ಈಗ ಕನ್ನಡದಲ್ಲಿ ಒಂದು ಹೆಸರಿದೆ. ಸುಗಮ್ಯ ಶೌಚಾಲಯ.

ನಮ್ಮ ಮನೆಯಲ್ಲಿ ಯಾರೂ ಶೌಚಾಲಯ ಅನ್ನುವುದಿಲ್ಲ. ಸಂಡಾಸ ಅನ್ನುತ್ತೇವೆ. ಹಿರಿಯರು ಪಾಯಖಾನೆ ಅನ್ನುತ್ತಾರೆ. ಅದಕ್ಕೂ ಹಿಂದಿನವರು ಚರಿಗಿ ಹಿಡಿದು ಬಯಲಿಗೆ ಹೋಗುತ್ತಿದ್ದರು. ‘ಸುಗಮ್ಯ’ ಅನ್ನುವುದು ಸ್ವಲ್ಪ ಪುಸ್ತಕದ ಪದ. ಸು ಅಂದರೆ ಚೆನ್ನಾಗಿ, ಸಲೀಸಾಗಿ. ಗಮ್ಯ ಅಂದರೆ ಹೋಗಿ ಮುಟ್ಟಬಹುದಾದದ್ದು. ಎರಡೂ ಸೇರಿದರೆ ಸಲೀಸಾಗಿ ಹೋಗಬಹುದಾದ ಜಾಗ. 2015ರ ಡಿಸೆಂಬರ್ 3ರಂದು, ಅಂದರೆ ವಿಶ್ವ ಅಂಗವಿಕಲರ ದಿನದಂದು, ಕೇಂದ್ರ ಸರ್ಕಾರ ‘ಸುಗಮ್ಯ ಭಾರತ ಅಭಿಯಾನ’ ಶುರು ಮಾಡಿತು. ಈ ಪದ ಸರ್ಕಾರಿ ಕಾಗದಗಳಲ್ಲಿ ಜಾಸ್ತಿ ಓಡಾಡತೊಡಗಿದ್ದು ಆಮೇಲೆ.

ಬೋರ್ಡುಗಳಲ್ಲಿ ಬೇರೆ ಹೆಸರುಗಳೂ ಇವೆ. ಅಂಗವಿಕಲರ ಶೌಚಾಲಯ, ವಿಕಲಚೇತನ ಸ್ನೇಹಿ ಶೌಚಾಲಯ, ದಿವ್ಯಾಂಗರ ಶೌಚಾಲಯ. ಯಾವುದು ಮರ್ಯಾದೆಯ ಪದ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆದರೆ ಇವೆಲ್ಲ ಮನುಷ್ಯನ ದೇಹಕ್ಕೆ ಹೆಸರಿಡುತ್ತವೆ. ‘ಸುಗಮ್ಯ’ ಅನ್ನುವ ಪದ ಕೋಣೆಗೆ ಹೆಸರಿಡುತ್ತದೆ. ಚಿಕ್ಕವ್ವನ ಕಾಲು ಹೇಗಿದೆ ಅನ್ನುವ ಮಾತೇ ಅಲ್ಲಿಲ್ಲ, ಬಾಗಿಲು ಹೇಗಿದೆ ಅನ್ನುವ ಮಾತಿದೆ. ನನಗೆ ಈ ಪದ ಇಷ್ಟವಾಗಿದ್ದು ಅದಕ್ಕೇ.

ಒಂದು ಕೊರತೆಯೂ ಇದೆ. ಮನೆಯಿಂದ ಹೊರಡುವಾಗ ನಾವು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಈ ಪದದಲ್ಲಿ ಹೋಗುವುದಷ್ಟೇ ಇದೆ, ಬರುವುದು ಇಲ್ಲ. ಹಾಗಾಗಿ ಅರ್ಥವನ್ನು ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ. ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ಕೂಗದೆ, ಒಳಗಿನಿಂದ ತಾವೇ ಚಿಲಕ ಹಾಕಿಕೊಂಡು, ಬಟ್ಟೆ ಒದ್ದೆಯಾಗದೆ, ಬೀಳದೆ ಹೋಗಿ ಬರಬಹುದಾದ ಸಂಡಾಸವೇ ಸುಗಮ್ಯ ಶೌಚಾಲಯ. ಸಹಾಯಕ್ಕೆ ಒಬ್ಬರು ಬೇಕೇ ಬೇಕು ಅನ್ನುವಂಥವರಿಗೆ, ಆ ಒಬ್ಬರಿಗೂ ಒಳಗೆ ನಿಲ್ಲಲು ಜಾಗ ಇರಬೇಕು.

ಕಮೋಡ್ ಕೂಡಿಸಿ, ಗೋಡೆಗೊಂದು ಸ್ಟೀಲ್ ಸರಳು ಹೊಡೆದು, ಬಾಗಿಲಿಗೆ ನೀಲಿ ಬಣ್ಣದ ಗಾಲಿಕುರ್ಚಿಯ ಚಿತ್ರ ಅಂಟಿಸಿದರೆ ಆಯ್ತು ಅಂತ ತುಂಬಾ ಜನ ತಿಳಿದಿದ್ದಾರೆ. ಕೆಟ್ಟ ಮನಸ್ಸಿನಿಂದ ಯಾರೂ ಹಾಗೆ ಮಾಡುವುದಿಲ್ಲ. ಕುರ್ಚಿಯ ಮೇಲಿರುವವರು ಕಮೋಡಿಗೆ ಹೇಗೆ ದಾಟುತ್ತಾರೆ ಅಂತ ಅವರು ನೋಡಿಲ್ಲ, ಅಷ್ಟೇ. ಅದನ್ನೇ ಇಲ್ಲಿ ಹೇಳುತ್ತೇನೆ.

ಚಿಕ್ಕವ್ವ ಕುರ್ಚಿಯನ್ನು ಕಮೋಡಿನ ಪಕ್ಕಕ್ಕೆ ತಂದು ನಿಲ್ಲಿಸುತ್ತಾಳೆ. ಎದುರಿಗಲ್ಲ, ಪಕ್ಕಕ್ಕೆ. ಎರಡೂ ಗಾಲಿಗೆ ಬ್ರೇಕ್ ಹಾಕುತ್ತಾಳೆ. ಕಮೋಡಿನ ಕಡೆಯ ಕೈಯಾಸರೆಯನ್ನು ತೆಗೆದು ಹಿಂದಕ್ಕೆ ಸಿಕ್ಕಿಸುತ್ತಾಳೆ. ಒಂದು ಅಂಗೈ ಕುರ್ಚಿಯ ಸೀಟಿನ ಮೇಲೆ, ಇನ್ನೊಂದು ಕೈ ಗೋಡೆಯ ಹಿಡಿಕೆಯ ಮೇಲೆ. ಉಸಿರು ಬಿಗಿಹಿಡಿದು, ಪೂರ್ತಿ ಮೈಭಾರವನ್ನು ಎರಡು ತೋಳಿನ ಮೇಲೆ ಎತ್ತಿ, ಸೊಂಟವನ್ನು ಅತ್ತ ಜಾರಿಸುತ್ತಾಳೆ. ಆಮೇಲೆ ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಸರಿಯಾಗಿ ಇಡುತ್ತಾಳೆ. ನಾಲ್ಕೈದು ಸೆಕೆಂಡಿನ ಕೆಲಸ. ಆ ನಾಲ್ಕೈದು ಸೆಕೆಂಡು ಅವಳು ಗಾಳಿಯಲ್ಲಿರುತ್ತಾಳೆ.

ಈಗ ಇಂಥ ಶೌಚಾಲಯ ಹೇಗಿರಬೇಕು ಅಂತ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಅಳತೆಗಳನ್ನು ನೋಡಿ. ಒಂದೊಂದಕ್ಕೂ ಕಾರಣ ತಾನೇ ತಿಳಿಯುತ್ತದೆ. ಕಮೋಡಿನ ಪಕ್ಕ ಕನಿಷ್ಠ 90 ಸೆಂ.ಮೀ. ಖಾಲಿ ಜಾಗ ಇರಬೇಕು, ಯಾಕೆಂದರೆ ಕುರ್ಚಿ ನಿಲ್ಲುವುದು ಅಲ್ಲಿ. ಕಸದ ಡಬ್ಬಿ ಇಡಲು ಬಿಟ್ಟ ಜಾಗ ಅಲ್ಲ ಅದು. ಸೀಟಿನ ಎತ್ತರ ನೆಲದಿಂದ 45ರಿಂದ 48 ಸೆಂ.ಮೀ., ಅಂದರೆ ಕುರ್ಚಿಯ ಸೀಟಿಗೆ ಹತ್ತಿರಹತ್ತಿರ ಸಮ. ತಗ್ಗಿದ್ದರೆ ಇಳಿಯಬಹುದು, ವಾಪಸ್ ಹತ್ತಲು ಆಗುವುದಿಲ್ಲ. ಗೋಡೆಯ ಕಡೆ ಗಟ್ಟಿ ಹಿಡಿಕೆ, ಕುರ್ಚಿಯ ಕಡೆ ಮೇಲಕ್ಕೆ ಮಡಚುವ ಹಿಡಿಕೆ. ಮಡಚಲು ಬಾರದ ಸರಳನ್ನು ಆ ಕಡೆ ನೆಟ್ಟರೆ ಅದೇ ಅಡ್ಡಗೋಡೆ ಆಗುತ್ತದೆ. ಇಡೀ ಕೋಣೆ ಕನಿಷ್ಠ 220 ಸೆಂ.ಮೀ. ಉದ್ದ, 200 ಸೆಂ.ಮೀ. ಅಗಲ, ಅಂದರೆ ಸುಮಾರು ಏಳೂಕಾಲು ಅಡಿಗೆ ಆರೂವರೆ ಅಡಿ. ಕುರ್ಚಿ ಒಳಗೇ ತಿರುಗಿ, ಮುಖ ಮುಂದಾಗಿ ಹೊರಗೆ ಬರಬೇಕಲ್ವಾ?

ಹಿಡಿಕೆಯ ಬಗ್ಗೆ ಇನ್ನೊಂದು ಮಾತು. ಎಷ್ಟೋ ಕಡೆ ಟವೆಲ್ ಹಾಕುವ ಸರಳನ್ನೇ ಹಿಡಿಕೆ ಅಂತ ಹೊಡೆದಿರುತ್ತಾರೆ. ಅದರ ಸ್ಕ್ರೂ ಗಿಲಾವಿನಷ್ಟೇ ಆಳ ಹೋಗಿರುತ್ತದೆ, ಇಟ್ಟಿಗೆಗೆ ಮುಟ್ಟಿರುವುದಿಲ್ಲ. ಅದನ್ನು ನಂಬಿ ಮೈಭಾರ ಬಿಟ್ಟರೆ ಸರಳು ಗೋಡೆಯಿಂದ ಕಿತ್ತು ಕೈಗೆ ಬರುತ್ತದೆ. ಹಿಡಿಕೆ ಇಲ್ಲದಿದ್ದರೆ ಚಿಕ್ಕವ್ವ ದಾಟುವ ಧೈರ್ಯ ಮಾಡುತ್ತಿರಲಿಲ್ಲ. ಸುಳ್ಳು ಹಿಡಿಕೆ ಆ ಧೈರ್ಯ ಕೊಟ್ಟು ಬೀಳಿಸುತ್ತದೆ.

ಬಾಗಿಲಿನ ಕಥೆ ನಮ್ಮ ಮನೆಯಲ್ಲೇ ಆಯಿತು. ಚಿಕ್ಕವ್ವನಿಗೆ ಅಂತ ಸಂಡಾಸ ಕಟ್ಟಿಸುವಾಗ ಗೌಂಡಿ ಎರಡೂಕಾಲು ಅಡಿಯ ಚೌಕಟ್ಟು ತಂದು ನಿಲ್ಲಿಸಿದ್ದ. “ಕುರ್ಚಿ 26 ಇಂಚ್ ಐತಿ ಅಂದ್ರಲ್ರಿ ಅಕ್ಕಾರ, ಇದು 27 ಇಂಚ್ ಐತಿ, ಹೋಗ್ತದ ತಗೋರಿ” ಅಂದ. ಚಿಕ್ಕವ್ವ ಜಗಳ ಆಡಲಿಲ್ಲ. ಮಂಚಕ್ಕೆ ಸರಿದು ಕುರ್ಚಿಯನ್ನು ಅವನ ಕಡೆ ತಳ್ಳಿದಳು. “ತಮ್ಮಾ, ನೀನ ಒಮ್ಮಿ ಇದರ ಮ್ಯಾಲ ಕುಂತ ಒಳಗ ಹೋಗಿ ಬಾ” ಅಂದಳು. ಅವನು ಕುಳಿತ. ಗಾಲಿ ತಿರುಗಿಸುತ್ತ ಬಾಗಿಲಿಗೆ ಬಂದ. ಕುರ್ಚಿ ಹೋಯಿತು, ಆದರೆ ಗಾಲಿ ಹಿಡಿದ ಕೈಗಳ ಬೆರಳ ಗೆಣ್ಣು ಎರಡೂ ಕಡೆ ಚೌಕಟ್ಟಿಗೆ ಉಜ್ಜಿ ಚರ್ಮ ಕಿತ್ತಿತು. ಕೈ ನೋಡಿಕೊಂಡ. ಮಾತಾಡದೆ ಎದ್ದು ಚೌಕಟ್ಟು ಬಿಚ್ಚಿದ. ಈಗ ಅಲ್ಲಿ ಮೂರಡಿ ಬಾಗಿಲಿದೆ. ಮಾರ್ಗಸೂಚಿ ಹೇಳುವ 90 ಸೆಂ.ಮೀ. ಅಂದರೆ ಅದೇ, ಚೌಕಟ್ಟು ಕಳೆದು ಸಿಗುವ ಖಾಲಿ ಅಗಲ.

ಬಾಗಿಲು ಹೊರಗೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಗೆ ತೆರೆಯುವ ಬಾಗಿಲು ಕುರ್ಚಿಯ ಜಾಗ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಒಳಗಿದ್ದವರು ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತದೆ, ಹೊರಗಿನವರು ಎಷ್ಟು ತಳ್ಳಿದರೂ ತೆರೆಯುವುದಿಲ್ಲ. ಸಹಾಯಕ್ಕೆ ಕರೆಯುವ ಗಂಟೆಯ ಹಗ್ಗ ಎರಡು ಎತ್ತರದಲ್ಲಿ ಸಿಗಬೇಕು ಅನ್ನುವುದೂ ಇದಕ್ಕೇ. 90 ಸೆಂ.ಮೀ. ಎತ್ತರದ್ದು ಕುಳಿತವರಿಗೆ. ನೆಲದಿಂದ 30 ಸೆಂ.ಮೀ. ಎತ್ತರದ್ದು ಬಿದ್ದವರಿಗೆ.

ಆದರೆ ಇಷ್ಟೆಲ್ಲ ಇದ್ದ ಮೇಲೂ ಆ ಕೋಣೆಗೆ ಮುಟ್ಟಲು ಮೂರು ಪಾವಟಿಗೆ ಹತ್ತಬೇಕು ಅಂದರೆ? ಸುಗಮ್ಯ ಶೌಚಾಲಯ ಶುರುವಾಗುವುದು ಗೇಟಿನಿಂದ. ಇಳಿಜಾರು 1:12ರ ಲೆಕ್ಕದಲ್ಲಿರಬೇಕು. ಒಂದು ಅಡಿ ಏರಲು 12 ಅಡಿ ಉದ್ದ. ನಮ್ಮ ಕಡೆ ಮನೆ ಮುಂದೆ ಬೈಕ್ ಹತ್ತಿಸಲು ಮಾಡುವ ಇಳಿಜಾರನ್ನೇ ಕಚೇರಿಗಳ ಮುಂದೆಯೂ ಮಾಡಿಬಿಡುತ್ತಾರೆ. ಅಂಥದ್ದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ನುಣ್ಣನೆಯ ಟೈಲ್ಸ್ ಮೇಲೆ ನೀರು ಬಿದ್ದರೆ ಊರುಗೋಲಿನ ರಬ್ಬರ್ ಜಾರುತ್ತದೆ, ಒರಟು ಫರಸಿಯೇ ವಾಸಿ. ಬಕೆಟ್ಟು ನೆಲದ ಮೇಲಿದ್ದರೆ ಕುಳಿತವರ ಕೈಗೆ ಎಟುಕುವುದಿಲ್ಲ. ನಲ್ಲಿ ಮೊಣಕೈಯಿಂದ ತಳ್ಳಿದರೂ ತೆರೆಯುವಂತಿರಬೇಕು. ಬೇಸಿನ್ ಕೆಳಗೆ ಮೊಣಕಾಲು ತೂರುವಷ್ಟು ಜಾಗ ಖಾಲಿ ಇರಬೇಕು.

ಗಾಲಿಕುರ್ಚಿಯ ಚಿತ್ರ ನೋಡಿ ಇದು ಕುರ್ಚಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಆ ಚಿತ್ರದ ಮೂಲ ರೂಪವನ್ನು 1968ರಲ್ಲಿ ಬರೆದವರು ಸುಸಾನ್ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ. ಅದರಲ್ಲಿ ಖಾಲಿ ಕುರ್ಚಿ ಮಾತ್ರ ಇತ್ತು, ಮೇಲಿನ ತಲೆ ಆಮೇಲೆ ಸೇರಿದ್ದು. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕಣ್ಣು ಕಾಣದವರಿಗೆ ಬೋರ್ಡಿನ ಮೇಲೆ ಬ್ರೈಲ್ ಬೇಕು, ಕೈಯಿಂದ ಮುಟ್ಟಿ ತಿಳಿಯುವ ಉಬ್ಬು ಚಿತ್ರ ಬೇಕು. ಬುದ್ಧಿಮಾಂದ್ಯತೆ ಇರುವ ಇಪ್ಪತ್ತು ವರ್ಷದ ಮಗನನ್ನು ತಾಯಿ ಯಾವ ಬಾಗಿಲಿಗೆ ಕರೆದೊಯ್ಯಬೇಕು? ಗಂಡಸರದಕ್ಕೆ ಅವಳು ಹೋಗುವಂತಿಲ್ಲ, ಹೆಂಗಸರದಕ್ಕೆ ಅವನು ಹೋಗುವಂತಿಲ್ಲ. ಅದಕ್ಕೇ ಗಂಡಸರು, ಹೆಂಗಸರು ಇಬ್ಬರೂ ಬಳಸಬಹುದಾದ ಬೇರೆ ಬಾಗಿಲಿನ ಒಂದು ಕೋಣೆಯಾದರೂ ಬೇಕು. ಮೂತ್ರದ ಚೀಲ ಹಾಕಿಕೊಂಡವರಿಗೆ ಸಾಮಾನು ಇಡಲು ಒಂದು ಗೂಡು ಬೇಕು. ಮೊಣಕಾಲು ನೋವಿನ ನಮ್ಮ ಅಜ್ಜಿಯರಿಗೆ ಎದ್ದೇಳಲು ಹಿಡಿಕೆ ಇದ್ದರೆ ಸಾಕು, ಎಷ್ಟೋ ನೆಮ್ಮದಿ.

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಸುತ್ತಲಿನ ಹಳ್ಳಿಗಳಿಂದ ಮುದುಕರು, ಮಕ್ಕಳು, ಎಲ್ಲರೂ ಬರುತ್ತಾರೆ. ಜಾತ್ರೆಗೆ ತಂದಿಡುವ ತಾತ್ಕಾಲಿಕ ಶೌಚಾಲಯಕ್ಕೂ ಈ ಪದ ಅನ್ವಯಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ತಾತ್ಕಾಲಿಕ ಇಳಿಜಾರು ಮಾಡುವುದು ಏನೂ ಕಷ್ಟವಲ್ಲ.

ಕಾನೂನು ಏನು ಹೇಳುತ್ತದೆ? ಮೇಲೆ ಹೇಳಿದ 2016ರ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 44ನೇ ಕಲಮಿನ ಪ್ರಕಾರ, ಸುಗಮ್ಯತೆಯ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಕಟ್ಟಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. 45ನೇ ಕಲಮು ಹಳೆಯ ಸಾರ್ವಜನಿಕ ಕಟ್ಟಡಗಳ ಬಗ್ಗೆ. ನಿಯಮ ಪ್ರಕಟವಾದ ಐದು ವರ್ಷದೊಳಗೆ ಅವನ್ನೆಲ್ಲ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು 2022ಕ್ಕೇ ಮುಗಿದಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಶೌಚಾಲಯದ ಬಗ್ಗೆ 41ನೇ ಕಲಮು ಹೆಸರು ಹಿಡಿದು ಹೇಳುತ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಾರ್ಗಸೂಚಿ ಬರೀ ಸಲಹೆಯಂತಿದ್ದರೆ ಸಾಲದು, ತಪ್ಪದೆ ಪಾಲಿಸಲೇಬೇಕಾದ ಮಾನದಂಡ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ದುಡ್ಡಿನ ಮಾತು ಬಂದಾಗ ಶೇ 5ರ ನಿಧಿಯನ್ನು ತೋರಿಸುತ್ತಾರೆ. ನಮ್ಮ ರಾಜ್ಯದ ಪಾಲಿಕೆ, ನಗರಸಭೆ, ಪುರಸಭೆಗಳ ಬಜೆಟ್‌ನಲ್ಲಿ ವಿಕಲಚೇತನರಿಗೆ ಅಂತ ಶೇ 5 ಎತ್ತಿಡುತ್ತಾರೆ. ತ್ರಿಚಕ್ರ ವಾಹನ, ಶ್ರವಣ ಸಾಧನದಂಥವಕ್ಕೆ ಆ ಹಣ ಇರಲಿ. ಹೊಸ ಮಾರುಕಟ್ಟೆ, ಸಮುದಾಯ ಭವನ, ಉದ್ಯಾನ ಕಟ್ಟುವಾಗ ಸುಗಮ್ಯ ಶೌಚಾಲಯದ ಖರ್ಚು ಆ ಕಟ್ಟಡದ ಅಂದಾಜುಪಟ್ಟಿಯಲ್ಲೇ ಬರಬೇಕು. ಬಾಗಿಲು, ಕಿಟಕಿಯ ಖರ್ಚು ಎಲ್ಲಿಂದ ಬರುತ್ತದೋ ಇದೂ ಅಲ್ಲಿಂದಲೇ.

ಇನ್ನು ಕೀಲಿಯ ವಿಷಯ. ಒಮ್ಮೆ ಚಿಕ್ಕವ್ವನ ಜೊತೆ ಒಂದು ಪಟ್ಟಣದ ಕಚೇರಿಗೆ ಹೋಗಿದ್ದೆ, ಹೆಸರು ಬೇಡ. ಇಳಿಜಾರು ಚೆನ್ನಾಗಿತ್ತು. ಬಾಗಿಲು ಅಗಲವಾಗಿತ್ತು. ಗಾಲಿಕುರ್ಚಿಯ ಚಿತ್ರವೂ ಇತ್ತು. ಹೊರಗಿನಿಂದ ಕೀಲಿ ಹಾಕಿತ್ತು. ಕೀಲಿಕೈ ಇದ್ದವರು ಊಟಕ್ಕೆ ಹೋಗಿದ್ದರು. ಮುಕ್ಕಾಲು ತಾಸು ಕಾದೆವು. ಅವರು ಬಂದು ತೆಗೆದಾಗ ಒಳಗೆ ಬ್ಲೀಚಿಂಗ್ ಪುಡಿಯ ಚೀಲ, ಕಸಬರಿಗೆ, ಸುತ್ತಿಟ್ಟ ಹಳೇ ಫ್ಲೆಕ್ಸುಗಳು. ಕುರ್ಚಿ ನಿಲ್ಲಬೇಕಾದ ಆ 90 ಸೆಂ.ಮೀ. ಜಾಗದಲ್ಲೇ ಎಲ್ಲ ಪೇರಿಸಿದ್ದರು. “ಯಾರೂ ಬಳಸೋದಿಲ್ಲಲ್ರಿ, ಅದಕ್ಕ” ಅಂದರು ಪಾಪ. ಚಿಕ್ಕವ್ವ ಅಳಲಿಲ್ಲ. ನಾನು ಅತ್ತೆ.

ನಿಮ್ಮ ಊರಿನಲ್ಲಿ ಇಂಥ ಶೌಚಾಲಯ ಬೇಕು ಅನ್ನಿಸಿದರೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆಯಿರಿ. ಪಾಲಿಕೆಯಾದರೆ ಆಯುಕ್ತರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ. ವಾರ್ಡಿನ ಸದಸ್ಯರಿಗೆ ಒಂದು ಪ್ರತಿ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ. ಅಲ್ಲಿ ಕೆಲಸ ಆಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ‘ಅಂಗವಿಕಲರಿಗೆ ಶೌಚಾಲಯ ಬೇಕು’ ಅಂತ ಸುಮ್ನೆ ಒಂದು ಸಾಲು ಬರೆದರೆ ಕಮೋಡ್ ಒಂದು ಬಂದು ಕೂರುತ್ತದೆ, ಅಷ್ಟೇ. ಅಳತೆ ಬರೆಯಿರಿ. ಬಾಗಿಲು ಇಷ್ಟು, ಪಕ್ಕದ ಜಾಗ ಇಷ್ಟು, ಇಳಿಜಾರು ಇಷ್ಟು ಅಂತ.

ಚಿಕ್ಕವ್ವನೂ ಹಾಗೇ ಒಂದು ಅರ್ಜಿ ಬರೆಸಿದಳು. ಅಳತೆಗಳನ್ನೆಲ್ಲ ಅವಳು ಹೇಳಿದಳು, ನಾನು ಬರೆದೆ. ಸಹಿ ಮಾಡುವ ಮುಂಚೆ ಪೆನ್ನು ಇಸಿದುಕೊಂಡು, ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: “ಕೀಲಿ ಹಾಕುವುದಿದ್ದರೆ ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂದು ಬಾಗಿಲ ಮೇಲೆ ಬರೆಸಬೇಕು, ಅವರ ಫೋನ್ ನಂಬರ್ ಸಹಿತ.”