ದೇವರು ಮೊದಲೋ, ಮನೆಯವರೋ: ಬೀದರಿನ ಹಳೆಯ ಪ್ರಶ್ನೆ

ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಕ್ರೈಸ್ತರ ಮನೆಗಳಲ್ಲಿ ಸಾವೋ, ಮದುವೆಯೋ, ಊರ ಜಾತ್ರೆಯೋ ಬಂದರೆ ಒಂದು ಜಗಳವೂ ಜೊತೆಗೇ ಬರುತ್ತದೆ. ಅಣ್ಣ ಹಿರಿಯರಿಗೆ ಎಡೆ ಹಿಡಿಯುತ್ತಾನೆ. ದೀಕ್ಷಾಸ್ನಾನ ಪಡೆದ ತಮ್ಮ ಆ ಎಡೆಯ ಅನ್ನ ಉಣ್ಣಲಾರೆ ಎನ್ನುತ್ತಾನೆ. ಮನೆಯವರು ಯಾಕೆಂದು ಕೇಳಿದರೆ ಸತ್ಯವೇದದ (ಬೈಬಲಿನ) ಮತ್ತಾಯ 10:37 ತೆಗೆದು ತೋರಿಸುತ್ತಾನೆ. ತಂದೆತಾಯಿಯನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನಗೆ ತಕ್ಕವನಲ್ಲ ಎಂದು ಯೇಸು ಹೇಳಿದ್ದು ಅಲ್ಲಿದೆ.

ಈ ಮಾತಿನ ಬೇರು ಯೇಸುವಿಗಿಂತ ಎಷ್ಟೋ ಹಿಂದಿನದು. ಅಬ್ರಹಾಮ ತಂದೆಯ ಮನೆ ಬಿಟ್ಟು ಹೊರಟ, ಮುಂದೆ ಮಗ ಇಸಾಕನನ್ನೇ ಬಲಿ ಕೊಡಲು ಬೆಟ್ಟ ಹತ್ತಿದ. ಇಸ್ರಾಯೇಲರು ಚಿನ್ನದ ಬಸವನ ಮೂರ್ತಿಯನ್ನು ಪೂಜಿಸಿದ ದಿನ ಅವರಲ್ಲೇ ಒಂದು ಕುಲವಾದ ಲೇವಿಯರು ತಮ್ಮವರ ಮೇಲೆಯೇ ಕತ್ತಿ ಎತ್ತಿದರು, ಸುಮಾರು 3,000 ಮಂದಿ ಸತ್ತರು. ಅದೇ ಸತ್ಯವೇದದಲ್ಲಿ ಇನ್ನೊಂದು ದನಿಯೂ ಇದೆ. ತಂದೆತಾಯಿಗೆ ಕೊಡಬೇಕಾದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಖಂಡಿಸುತ್ತಾನೆ. ಶಿಲುಬೆಯ ಮೇಲಿದ್ದಾಗಲೂ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸುತ್ತಾನೆ. ಜಗಳದ ಹೊತ್ತಿನಲ್ಲಿ ಈ ಪುಟಗಳನ್ನು ಯಾರೂ ತೆರೆಯುವುದಿಲ್ಲ ಎಂಬುದೇ ನನ್ನ ಸಂಕಟ.

ದೇವರಿಗಾಗಿ ಮನೆ ಬಿಡುವುದು ಈ ನೆಲಕ್ಕೂ ಗೊತ್ತಿಲ್ಲದ ಸಂಗತಿಯಲ್ಲ. ಹುಟ್ಟಿದ ಮನೆಯ ಆಚಾರ ಒಲ್ಲೆನೆಂದು ಹೊರಬಂದ ಬಸವಣ್ಣನ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ.

ಅಮೆರಿಕದ ಮೆಥೊಡಿಸ್ಟ್ ಎಂಬ ಕ್ರೈಸ್ತ ಪಂಗಡದ ಮಿಷನರಿಗಳು 19ನೇ ಶತಮಾನದ ಕೊನೆಯ ಹೊತ್ತಿಗೆ ಬೀದರಿಗೆ ಬಂದರು. ಆಗ ಇದು ನಿಜಾಮರ ಸೀಮೆ. ಮುಂದಿನ ದಶಕಗಳಲ್ಲಿ ಅವರ ಸಭೆ (ಚರ್ಚು) ಸೇರಿದವರು ಹೆಚ್ಚಾಗಿ ಮಾದಿಗರು, ಹೊಲೆಯರು. ಅವರು ಒಬ್ಬೊಬ್ಬರಾಗಿ ಬರಲಿಲ್ಲ. ಹಿರಿಯರು ಕೂತು ಮಾತಾಡಿ, ಬೀಗರಿಗೂ ಹೇಳಿಕಳಿಸಿ, ಮನೆಗೆ ಮನೆಯೇ, ಕೆಲವೆಡೆ ಕೇರಿಗೆ ಕೇರಿಯೇ ಬಂತು. ಹೀಗಾಗಿ ಅಪ್ಪನನ್ನು ಬಿಡುವ ಪ್ರಶ್ನೆ ಬಹಳ ಮಂದಿಗೆ ಎದುರಾಗಲೇ ಇಲ್ಲ. ಅವರು ಬಿಡಬೇಕಾಗಿ ಬಂದದ್ದು ಸತ್ತ ದನದ ಮಾಂಸವನ್ನು, ಊರದೇವತೆ ಮರಗಮ್ಮನ ಮುಂದೆ ಹಲಗೆ ಬಾರಿಸುವ ಚಾಕರಿಯನ್ನು. ಹಲಗೆ ಬಿಟ್ಟರೆ ಸುಗ್ಗಿಯಲ್ಲಿ ಸಿಗುವ ಕಾಳೂ ಹೋಗುತ್ತಿತ್ತು, ಗೌಡರ ಸಿಟ್ಟೂ ಬರುತ್ತಿತ್ತು. ಆಗ ಕಡಿದದ್ದು ಊರಿನ ನಂಟು, ರಕ್ತದ ನಂಟಲ್ಲ. ದೀಕ್ಷಾಸ್ನಾನ ಆಗದ ಸೋದರಮಾವನ ಮನೆಯಿಂದ ಹೆಣ್ಣು ತರುವುದು ನಿಲ್ಲಲಿಲ್ಲ. ಜಾತ್ರೆಯನ್ನೂ ಅವರು ಬಿಡಲಿಲ್ಲ, ಬೇರೆ ಜಾತ್ರೆ ಕಟ್ಟಿಕೊಂಡರು. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ನವೆಂಬರಿನಲ್ಲಿ ನಡೆಯುವ ಕ್ರೈಸ್ತ ಜಾತ್ರೆಗೆ ಬೀದರ್ ಕಡೆಯ ಕುಟುಂಬಗಳು ಮಕ್ಕಳುಮರಿ, ಪಾತ್ರೆಪಗಡ ಸಮೇತ ಹೋಗಿ ಬಿಡಾರ ಹೂಡುತ್ತವೆ. ನಂಬಿಕೆ ಮನೆಯನ್ನು ಹೇಗೆ ಹಿಡಿದಿಟ್ಟುಕೊಂಡಿತು ಎಂದು ತಿಳಿಯಬೇಕಾದವರು ಅಲ್ಲಿಗೇ ಹೋಗಬೇಕು.

ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿತು. 1950ರ ಪರಿಶಿಷ್ಟ ಜಾತಿ ಆದೇಶ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡರು, ಕ್ರೈಸ್ತರು ಹೊರಗೇ ಉಳಿದರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನಿಗೆ ಮೀಸಲಾತಿ ಇದೆ, ಇನ್ನೊಬ್ಬನಿಗೆ ಇಲ್ಲ. ಇದರ ಪೆಟ್ಟು ಮತ್ತಾಯನ ಯಾವ ವಚನಕ್ಕಿಂತಲೂ ಕಡಿಮೆಯದಲ್ಲ. ಆಮೇಲೆ ಕರ್ನಾಟಕದಲ್ಲಿ 2022ರ ಮತಾಂತರ ಕಾಯ್ದೆ ಬಂತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ಹೆತ್ತವರು, ಒಡಹುಟ್ಟಿದವರು, ನೆಂಟರು ದೂರು ಕೊಡಬಹುದು ಎಂದು ಅದರಲ್ಲಿ ಬರೆಯಲಾಯಿತು. ಮನೆಯೊಳಗಿನ ಮುನಿಸಿಗೆ ಠಾಣೆಯ ಬಾಗಿಲು ತೆರೆಯಿತು. ಕಾಯ್ದೆ ಹಿಂಪಡೆಯಲು 2023ರ ಜೂನಿನಲ್ಲಿ ಸಂಪುಟ ತೀರ್ಮಾನಿಸಿತು.

ಈಗ ಊರೂರಲ್ಲಿ ಸಣ್ಣ ಸಣ್ಣ ಸ್ವತಂತ್ರ ಪ್ರಾರ್ಥನಾ ಕೂಟಗಳಿವೆ. ಕೇರಿ ಒಟ್ಟಾಗಿ ಬರುವ ಕಾಲ ಹೋಗಿದೆ. ಕಾಯಿಲೆಗೆಂದು ಪ್ರಾರ್ಥನೆಗೆ ಹೋದ ಸೊಸೆ ಒಬ್ಬಳೇ ನಂಬುತ್ತಾಳೆ, ಗಂಡನೂ ಅತ್ತೆಯೂ ನಂಬುವುದಿಲ್ಲ. ಹಿಂದೆ ಇಡೀ ಕೇರಿ ಹಂಚಿಕೊಂಡು ಹೊತ್ತ ಭಾರ ಈಗ ಇವಳೊಬ್ಬಳ ತಲೆಯ ಮೇಲಿದೆ. ಇವಳಿಗೆ ಮತ್ತಾಯನನ್ನು ಓದಿಸುವ ಸಭಾಪಾಲಕರು ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಪೌಲನನ್ನೂ ಓದಿಸಬೇಕು. ಕೊರಿಂಥದ ಸಭೆಯಲ್ಲೂ ಇಂಥ ಹೆಂಗಸರಿದ್ದರು. ನಂಬದ ಗಂಡ ಕೂಡಿ ಬಾಳಲು ಒಪ್ಪಿದರೆ ಅವನನ್ನು ಬಿಡಬೇಡ ಎಂದು ಪೌಲ ಬರೆದದ್ದು ಅವರಿಗೇ.