ದರ್ಬಾರಿನಲ್ಲಿ ಯಾರೂ ಓಡುತ್ತಿರಲಿಲ್ಲ

1911ರ ಡಿಸೆಂಬರ್ 12ರ ದೆಹಲಿ ದರ್ಬಾರಿನ ದೃಶ್ಯಗಳನ್ನು ಸಾಕ್ಷ್ಯಚಿತ್ರಕ್ಕೆ ಬಳಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು, ಐದನೆಯ ಜಾರ್ಜ್ ದೊರೆಯೂ ಅವನಿಗೆ ವಂದಿಸುವ ಮಹಾರಾಜರೂ ಕೀಲುಗೊಂಬೆಗಳಂತೆ ಸರಿದಾಡುವುದನ್ನು ನೋಡಿ ನಕ್ಕು, “ಆಗಿನ ಕ್ಯಾಮೆರಾ ಅಷ್ಟೇ ತಾನೆ ಸರ್” ಎನ್ನುತ್ತಾರೆ. ಕ್ಯಾಮೆರಾದ ತಪ್ಪು ಅದರಲ್ಲಿ ಏನೂ ಇಲ್ಲ. ಹಳೆಯ ಫಿಲ್ಮುಗಳ ಸ್ಕ್ಯಾನಿಂಗ್ ಮತ್ತು ದುರಸ್ತಿಯನ್ನೇ ಕಸುಬಾಗಿಸಿಕೊಂಡಿರುವ ನಾನು ಇದನ್ನು ಹೇಳಿ ಹೇಳಿ ಬೇಸತ್ತಿದ್ದರೂ ಇನ್ನೊಮ್ಮೆ ಹೇಳುತ್ತೇನೆ.

ಮೂಕಿ ಕಾಲದ ಕ್ಯಾಮೆರಾವನ್ನು ಕೈಯಿಂದ ಹಿಡಿ ತಿರುಗಿಸಿ ನಡೆಸುತ್ತಿದ್ದರು. ಸಾಮಾನ್ಯವಾಗಿ ಒಂದು ಸುತ್ತಿಗೆ ಎಂಟು ಫ್ರೇಮು (ಫಿಲ್ಮಿನ ಒಂದೊಂದು ಬಿಡಿ ಚಿತ್ರ), ಸೆಕೆಂಡಿಗೆ ಎರಡು ಸುತ್ತು, ಅಂದರೆ ಸುಮಾರು 16 ಫ್ರೇಮು. ಮಾತಿನ ಚಿತ್ರಗಳು ಬಂದ ಮೇಲೆ ಈ ಸಂಖ್ಯೆ 24ಕ್ಕೆ ನಿಂತಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಪ್ರತಿ ಚಲನೆಯೂ ಒಂದೂವರೆ ಪಟ್ಟು ವೇಗವಾಗುತ್ತದೆ. 35 ಎಂಎಂನ 1000 ಅಡಿ ಸುರುಳಿ, 16 ನಿಮಿಷ 40 ಸೆಕೆಂಡು ಓಡಬೇಕಾದದ್ದು, 11 ನಿಮಿಷ ದಾಟುತ್ತಿದ್ದಂತೆ ಮುಗಿದುಹೋಗುತ್ತದೆ.

ಇದು ಬರೀ ಅಂದಚೆಂದದ ಮಾತಲ್ಲ. ಆ ದರ್ಬಾರಿನಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಚಿಕ್ಕದಾಗಿ ವಂದಿಸಿ, ರಿವಾಜಿನಂತೆ ಹಿಮ್ಮುಖವಾಗಿ ಸರಿಯದೆ ದೊರೆಗೆ ಬೆನ್ನು ತಿರುಗಿಸಿ ನಡೆದರೆಂದು ದೊಡ್ಡ ಗುಲ್ಲೆದ್ದಿತ್ತು, ಆ ಚಿತ್ರ ಲಂಡನ್ನಿನ ಪರದೆಗೂ ಹೋಗಿತ್ತು. ಇಂದಿಗೂ ಅದನ್ನು ಅವಮಾನಕ್ಕೋ ಸ್ವಾಭಿಮಾನಕ್ಕೋ ಸಾಕ್ಷಿಯೆಂದು ತೋರಿಸುವವರಿದ್ದಾರೆ. ಒಂದೂವರೆ ಪಟ್ಟು ವೇಗದಲ್ಲಿ ಯಾರು ತಿರುಗಿದರೂ ಅದು ಸೆಡವಿನಂತೆಯೇ ಕಾಣುತ್ತದೆ. ಗಾಯಕವಾಡರ ಮನಸ್ಸಿನಲ್ಲೇನಿತ್ತು ಎಂಬುದನ್ನು ನಾನು ತೀರ್ಮಾನಿಸಲಾರೆ. ವೇಗ ಸರಿಪಡಿಸದೆ ಆ ಪ್ರಶ್ನೆಯನ್ನು ಫಿಲ್ಮಿಗೆ ಕೇಳಬೇಡಿ ಎಂದಷ್ಟೇ ನನ್ನ ವಿನಂತಿ.

ಹಾಗೆಂದು ಎಲ್ಲಕ್ಕೂ 16 ಎಂದು ಬರೆದುಕೊಂಡು ಹೋಗುವುದೂ ಸರಿಯಲ್ಲ. ಕೈಯ ವೇಗ ಆಳಿನಿಂದ ಆಳಿಗೆ, ಕೆಲವೊಮ್ಮೆ ಒಂದೇ ಸುರುಳಿಯೊಳಗೂ ಬದಲಾಗುತ್ತದೆ. ರಾಜಪ್ರವಾಸದ ಚಿತ್ರಗಳಲ್ಲಿ ನಮಗೊಂದು ಅನುಕೂಲವಿದೆ: ಎಲ್ಲಾದರೊಂದು ಕಡೆ ಪದಾತಿ ದಳ ಕವಾಯತು ನಡೆಸಿಯೇ ಇರುತ್ತದೆ. ಶೀಘ್ರ ನಡಿಗೆಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ; ಎಣಿಸಿದಾಗ 180 ಬಂದರೆ ಏನಾಗಿದೆಯೆಂದು ಬೇರೆ ಹೇಳಬೇಕಿಲ್ಲ. ಲಂಡನ್ನಿನ ಚಿತ್ರ ನಿರ್ಮಾಪಕ ಚಾರ್ಲ್ಸ್ ಅರ್ಬನ್ ಅದೇ ದರ್ಬಾರನ್ನು ಕಿನೆಮಾಕಲರ್ ಎಂಬ ಆರಂಭಕಾಲದ ಬಣ್ಣದ ಚಿತ್ರ ವಿಧಾನದಲ್ಲಿ ತೆಗೆಸಿದ್ದಂತೂ ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿ ಕೆಂಪು, ಹಸಿರು ಫಿಲ್ಟರುಗಳು ಸರದಿಯಲ್ಲಿ ಸುತ್ತಿ ಒಂದೊಂದು ಬಣ್ಣಕ್ಕೂ ಬೇರೆ ಫ್ರೇಮು ಹಿಡಿಯುತ್ತಿದ್ದುದರಿಂದ ಸೆಕೆಂಡಿಗೆ ಸುಮಾರು 32 ಫ್ರೇಮು ಬೇಕಾಗುತ್ತಿತ್ತು. ಅದನ್ನು 24ರಲ್ಲಿ ಓಡಿಸಿದರೆ ಮೆರವಣಿಗೆ ತೆವಳುತ್ತದೆ. ಆದ್ದರಿಂದ ಫಿಲ್ಮನ್ನು ಇದ್ದಷ್ಟೇ ಫ್ರೇಮುಗಳಾಗಿ ಸ್ಕ್ಯಾನ್ ಮಾಡಿಸಿ ಜೋಪಾನವಾಗಿಡಿ, ವೇಗವನ್ನು ಆಮೇಲೆ ನಿರ್ಧರಿಸಿ. ಕಂಪ್ಯೂಟರು ನಡುನಡುವೆ ಹೊಸ ಫ್ರೇಮು ಸೃಷ್ಟಿಸಿ ನಯಗೊಳಿಸಿದ ಪ್ರತಿಯನ್ನು ಮೂಲವೆಂದು ಯಾರಿಗೂ ಕೊಡಬೇಡಿ.

ದಿನಬಳಕೆಯ ಬದುಕಿನ ಚಿತ್ರಗಳಲ್ಲಿ ಈ ತಪ್ಪು ಇನ್ನೂ ಕ್ರೂರವಾಗುತ್ತದೆ. ಕೊಡಗಿನ ಒಂದು ಬಿಳಿಯರ ತೋಟದಲ್ಲಿ ಮನೆಮಂದಿಯೇ ತೆಗೆದ 16 ಎಂಎಂ ಸುರುಳಿಯೊಂದನ್ನು ಯುವ ನಿರ್ದೇಶಕರೊಬ್ಬರು ತಂದಿದ್ದರು. ಕಾಫಿ ಕೊಯ್ಯುವ ಹೆಂಗಸರ ಕೈಗಳು ಯಂತ್ರದಂತೆ ಓಡುವುದನ್ನು ಕಂಡು, “ಎಷ್ಟು ಚುರುಕು ನೋಡಿ ಸರ್ ಆಗಿನ ಜನ” ಎಂದು ಮೆಚ್ಚಿಕೊಂಡರು. ಸರಿಯಾದ ವೇಗಕ್ಕೆ ತಂದಾಗ ಆ ಹೆಂಗಸರು ದಣಿದಿದ್ದರು, ಒಬ್ಬಾಕೆ ಸೊಂಟ ಹಿಡಿದು ನಿಂತು ಕ್ಯಾಮೆರಾವನ್ನು ದಿಟ್ಟಿಸಿಯೇ ನೋಡಿದ್ದಳು. ಒಳ್ಳೆಯ ಹುಡುಗ, ಎರಡು ಸಲ ಹಾಕಿಸಿ ನೋಡಿದ. ಆಮೇಲೆ ನಿಧಾನವಾಯಿತೆಂದು ಓಡುವ ಪ್ರತಿಯನ್ನೇ ಕೇಳಿದ. ಎರಡನ್ನೂ ಕೊಟ್ಟು, ಡಬ್ಬಿಯ ಮೇಲೆ ಸರಿಯಾದ ವೇಗವನ್ನು ಬರೆದು ಕಳಿಸಿದೆ.