ಬ್ಯಾಡ್ಜ್ ಎಂಜಿನಿಯರಿಂಗ್: ಒಂದೇ ಕಾರು, ಎರಡು ಬಿಲ್ಲೆ

ಮಳೆಗಾಲದಲ್ಲಿ ನಮ್ಮ ಚಿಕ್ಕಮಗಳೂರಿನ ಕಡೆ ಕಾರು ಇಟ್ಟುಕೊಂಡವರಿಗೆ ವಾರಕ್ಕೊಮ್ಮೆ ಮ್ಯಾಟು ತೊಳೆಯುವ ಕೆಲಸ ತಪ್ಪಿದ್ದಲ್ಲ. ತೋಟದ ಕೆಸರು ಬೂಟಿನಡಿ ಮೆತ್ತಿಕೊಂಡು ಒಳಗೆ ಬರುತ್ತದೆ, ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಒಂದು ಭಾನುವಾರ ಮೂಡಿಗೆರೆಯ ಭಾವನ ಮನೆಗೆ ಹೋಗಿದ್ದಾಗ ಅವರ ಟೊಯೊಟಾ ಗ್ಲಾಂಜಾ, ನಮ್ಮ ಮಾರುತಿ ಬಲೆನೊ ಎರಡೂ ಕಾರುಗಳ ಮ್ಯಾಟುಗಳನ್ನೂ ತೊಳೆದು ಕಾಂಪೌಂಡಿನ ಮೇಲೆ ಒಣಹಾಕಿದೆವು. ಹೊರಡುವ ಗಡಿಬಿಡಿಯಲ್ಲಿ ಅವು ಅದಲುಬದಲಾದವು. ಮೂರು ದಿನ ಕಳೆದ ಮೇಲೆ ನಮ್ಮ ಕಾರಿನ ಮ್ಯಾಟಿನ ಮೂಲೆಯಲ್ಲಿ ಬೇರೆ ಹೆಸರು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಅನುಮಾನವೇ ಬಂದಿರಲಿಲ್ಲ. ನೆಲದ ಕೊಕ್ಕೆ ಮ್ಯಾಟಿನ ತೂತಿಗೆ ಸರಿಯಾಗಿ ಸಿಕ್ಕಿಕೊಂಡಿತ್ತು, ಕ್ಲಚ್ಚಿನ ಕೆಳಗಿನ ಮಡಿಕೆಯೂ ನೂಲಿನಷ್ಟು ಆಚೀಚೆ ಇರಲಿಲ್ಲ. ಫೋನ್ ಮಾಡಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಟೊಯೊಟಾ ಎಂದು ಕೊಂಡದ್ದಾದರೂ ಏನನ್ನು?" ಎಂದು ಕೇಳಿದರು.

ಅವರ ಪ್ರಶ್ನೆಗೆ ವಾಹನೋದ್ಯಮದಲ್ಲಿ ಒಂದು ಹೆಸರಿದೆ: ಬ್ಯಾಡ್ಜ್ ಎಂಜಿನಿಯರಿಂಗ್. ಒಂದು ಕಂಪನಿ ವಿನ್ಯಾಸ ಮಾಡಿ ತಯಾರಿಸಿದ ಕಾರನ್ನು ಇನ್ನೊಂದು ಕಂಪನಿ ತನ್ನ ಲಾಂಛನ ಮತ್ತು ಬೇರೆ ಹೆಸರು ಕೊಟ್ಟು, ತನ್ನ ಮಳಿಗೆಗಳಲ್ಲಿ ಮಾರುವ ಪದ್ಧತಿ ಇದು. ಹೆಚ್ಚೆಂದರೆ ಮುಂದಿನ ಗ್ರಿಲ್, ಬಂಪರ್, ದೀಪದ ಆಕಾರ, ಸೀಟಿನ ಬಟ್ಟೆ ಬದಲಾಗಬಹುದು. ಎಂಜಿನ್, ಗೇರ್‌ಪೆಟ್ಟಿಗೆ, ಬಾಗಿಲು, ಗಾಜು ಹಾಗೆಯೇ ಇರುತ್ತವೆ.

ಕನ್ನಡದಲ್ಲಿ ಇದಕ್ಕೆ 'ಬಿಲ್ಲೆ' ಎಂಬ ಹಳೆಯ ಪದ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಕಚೇರಿಯ ಜವಾನರು ಎದೆಯ ಮೇಲೆ ಡವಾಲಿ ಎಂಬ ಅಡ್ಡಪಟ್ಟಿ, ಅದರಲ್ಲಿ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡು ಬಂದರೆ ಊರಿನವರು ಎದ್ದು ನಿಲ್ಲುತ್ತಿದ್ದರು. ಮನುಷ್ಯ ಅದೇ ಪಕ್ಕದ ಬೀದಿಯವನು, ಆದರೆ ಬಿಲ್ಲೆಯ ಹಿಂದೆ ಒಂದು ಸರ್ಕಾರವೇ ಇರುತ್ತಿತ್ತು. ಕಾರಿನ ಬಿಲ್ಲೆಯೂ ಹಾಗೆಯೇ. ಅದನ್ನು ಬರೀ ಲೋಹದ ತುಂಡು ಎಂದುಕೊಂಡರೆ ಈ ಪದದ ಅರ್ಥ ಅರ್ಧ ಮಾತ್ರ ತಿಳಿದಂತೆ.

ಗ್ಲಾಂಜಾ ಬಂದದ್ದು 2019ರ ಜೂನ್‌ನಲ್ಲಿ. ಕಾರು ಮಾರುತಿ ಸುಜುಕಿಯ ಬಲೆನೊ. ಅದನ್ನು ಸುಜುಕಿಯಿಂದ ಪಡೆದು ತನ್ನ ಹೆಸರಿನಲ್ಲಿ ಮಾರಿದ್ದು ಟೊಯೊಟಾ. ಬಲೆನೊಗೆ ಆಗ ಇದ್ದ ವಾರಂಟಿ 2 ವರ್ಷ ಅಥವಾ 40,000 ಕಿಲೋಮೀಟರ್. ಗ್ಲಾಂಜಾಕ್ಕೆ ಟೊಯೊಟಾ ಕೊಟ್ಟದ್ದು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಯಂತ್ರ ಒಂದೇ, ಮಾತು ಬೇರೆ. ಭಾವ ಕೊಂಡದ್ದು ಆ ಮಾತನ್ನು. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿಬರುವ ಅವರಿಗೆ 40,000 ಕಿಲೋಮೀಟರ್ ಒಂದೂವರೆ ವರ್ಷಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಅವರಿಗೆ ಮೋಸವಾಗಿಲ್ಲ ಎಂದೇ ನಾನು ಹೇಳಿದೆ, ಈಗಲೂ ಹೇಳುತ್ತೇನೆ. ಮುಂದೆ 2024ರ ಜುಲೈಯಲ್ಲಿ ಮಾರುತಿಯೂ ತನ್ನ ವಾರಂಟಿಯನ್ನು 3 ವರ್ಷ, 1 ಲಕ್ಷ ಕಿಲೋಮೀಟರಿಗೆ ಏರಿಸಿತು.

ಕಂಪನಿಗಳಿಗೆ ಇದರಿಂದ ಏನು ಲಾಭ? ಹೊಸ ಕಾರೊಂದನ್ನು ಕಾಗದದಿಂದ ರಸ್ತೆಗೆ ತರಲು ವರ್ಷಗಳು ಬೇಕು, ಅಚ್ಚುಗಳಿಗೆ, ಪರೀಕ್ಷೆಗಳಿಗೆ ಅಪಾರ ಹಣ ಬೇಕು. ಭಾರತದಲ್ಲಿ ಅಗ್ಗದ ಸಣ್ಣ ಕಾರು ಮಾಡುವ ಕೈಗುಣ ಸುಜುಕಿಯದು. ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ತಂತ್ರ ಪಳಗಿಸಿಕೊಂಡದ್ದು ಟೊಯೊಟಾ. 2017ರಲ್ಲಿ ಮಾತುಕತೆ ಶುರು ಮಾಡಿದ ಎರಡು ಕಂಪನಿಗಳು 2019ರಲ್ಲಿ ಪರಸ್ಪರ ಷೇರು ಕೊಳ್ಳುವ ಒಪ್ಪಂದಕ್ಕೆ ಬಂದವು. ಸುಜುಕಿಯಲ್ಲಿ ಟೊಯೊಟಾ ಪಡೆದ ಪಾಲು ಶೇಕಡಾ 4.9ರಷ್ಟು. ಆಮೇಲೆ ಕೊಡುಕೊಳ್ಳುವಿಕೆ ಎರಡೂ ದಿಕ್ಕಿಗೆ ಹರಿಯಿತು. ಮಾರುತಿಯ ಎರ್ಟಿಗಾ ಟೊಯೊಟಾದ ರೂಮಿಯನ್ ಆಯಿತು, ಫ್ರಾಂಕ್ಸ್ ಟೈಸರ್ ಆಯಿತು. ಟೊಯೊಟಾದ ಇನ್ನೋವಾ ಹೈಕ್ರಾಸ್ ನಮ್ಮ ಬಿಡದಿಯಲ್ಲೇ ತಯಾರಾಗಿ 2023ರಲ್ಲಿ ಮಾರುತಿಯ ಇನ್ವಿಕ್ಟೊ ಎಂಬ ಹೆಸರು ಹೊತ್ತಿತು. ಭಾರತದಲ್ಲಿ ಮಾಡಿದ ಬಲೆನೊ ಆಫ್ರಿಕಾದ ದೇಶಗಳಲ್ಲಿ ಟೊಯೊಟಾ ಸ್ಟಾರ್ಲೆಟ್ ಆಗಿ ಓಡುತ್ತಿದೆ. ಯುರೋಪಿನಲ್ಲಿ ಕಂಪನಿ ಮಾರುವ ಎಲ್ಲ ಕಾರುಗಳ ಹೊಗೆಯ ಸರಾಸರಿಗೆ ಬಿಗಿ ಮಿತಿ ಬಂದಾಗ ಸುಜುಕಿಗೆ ತುರ್ತಾಗಿ ಹೈಬ್ರಿಡ್ ಕಾರುಗಳು ಬೇಕಾದವು. 2020ರಲ್ಲಿ ಟೊಯೊಟಾದ ಆರ್‌ಎವಿ4 ಅಲ್ಲಿ ಸುಜುಕಿ ಅಕ್ರಾಸ್ ಆಯಿತು.

ಕಾಫಿ ಬೆಳೆಯುವವರಿಗೆ ಇದು ಹೊಸ ಸಂಗತಿಯೇನಲ್ಲ. ನಾವು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜದ ಮೂಟೆ ಕ್ಯೂರಿಂಗ್ ವರ್ಕ್ಸ್ ಸೇರಿ ಸಿಪ್ಪೆ ಕಳಚಿಕೊಂಡು ಹೊರಬಂದ ಮೇಲೆ ಯಾರ ಯಾರ ಪೊಟ್ಟಣದೊಳಗೆ ಹೋಗುತ್ತದೆಯೋ ಲೆಕ್ಕವಿಲ್ಲ. ಒಂದೇ ತೋಟದ ಬೀಜ ಎರಡು ಹೆಸರಿನಲ್ಲಿ ಅಂಗಡಿಯ ಒಂದೇ ಕಪಾಟಿನಲ್ಲಿ ಕೂತಿರಬಹುದು. ಬೆಲೆ ಬೇರೆಯಾಗುವುದು ಹುರಿದವರ ಹೆಸರಿಗೆ, ಆ ಹೆಸರು ಉಳಿಸಿಕೊಂಡ ನಂಬಿಕೆಗೆ.

ನಂಬಿಕೆಯನ್ನು ಸುಮ್ಮನೆ ಖರ್ಚು ಮಾಡಿದವರು ಪೆಟ್ಟು ತಿಂದದ್ದೂ ಉಂಟು. ಅಮೆರಿಕದ ಜನರಲ್ ಮೋಟಾರ್ಸ್ 1982ರ ಮಾದರಿಯಾಗಿ ಷೆವ್ರೊಲೆ ಕ್ಯಾವಲಿಯರ್ ಎಂಬ ಸಾಧಾರಣ ಕಾರಿಗೆ ಒಂದಿಷ್ಟು ಸಿಂಗಾರ ಮಾಡಿ, ತನ್ನ ಶ್ರೀಮಂತ ಹೆಸರಾದ ಕ್ಯಾಡಿಲಾಕ್ ಅಂಟಿಸಿ, ಸಿಮರಾನ್ ಎಂದು ಮಾರಿತು. ಕ್ಯಾಡಿಲಾಕ್ ಕೊಳ್ಳುವವರು ಅದನ್ನು ಒಪ್ಪಲಿಲ್ಲ. 1988ಕ್ಕೆ ಅದು ನಿಂತಿತು. ಕ್ಯಾಡಿಲಾಕ್ ಹೆಸರಿಗೆ ಬಿದ್ದ ಮಸಿ ಹೋಗಲು ಬಹಳ ಕಾಲ ಬೇಕಾಯಿತು. ನಮ್ಮಲ್ಲಿ ರೆನೊ ಡಸ್ಟರ್ 2012ರಲ್ಲಿ ಬಂದು ಮನೆಮಾತಾಯಿತು. ಮರುವರ್ಷ ಅದೇ ಕಾರು ಬೇರೆ ಮುಖ ಹೊತ್ತು ನಿಸಾನ್ ಟೆರಾನೊ ಆಗಿ ಬಂದಾಗ ಆ ಉತ್ಸಾಹ ಕಾಣಲಿಲ್ಲ.

ಎರಡು ಕಾರುಗಳಿಗೆ ಒಂದೇ ಅಡಿಪಾಯ ಇದ್ದ ಮಾತ್ರಕ್ಕೆ ಅದು ಬ್ಯಾಡ್ಜ್ ಎಂಜಿನಿಯರಿಂಗ್ ಆಗುವುದಿಲ್ಲ. ಹ್ಯುಂಡೈ ಕ್ರೆಟಾ ಮತ್ತು ಕಿಯಾ ಸೆಲ್ಟೋಸ್ ಎಂಜಿನ್ನುಗಳನ್ನೂ ತಳಹದಿಯನ್ನೂ ಹಂಚಿಕೊಂಡಿವೆ, ಆದರೆ ಒಂದರ ಬಾಗಿಲು ತೆಗೆದು ಇನ್ನೊಂದಕ್ಕೆ ಕೂರಿಸಲು ಬರುವುದಿಲ್ಲ. ಅದು ಪ್ಲಾಟ್‌ಫಾರ್ಮ್ ಹಂಚಿಕೆ. ಬಾಗಿಲು ಕೂರುತ್ತದೆಯೇ ಎಂಬುದು ನಾನು ಇಟ್ಟುಕೊಂಡಿರುವ ಸುಲಭದ ಪರೀಕ್ಷೆ. ನಮ್ಮ ಮನೆಯಲ್ಲಿ ಅದನ್ನು ಮ್ಯಾಟುಗಳೇ ಮಾಡಿ ತೋರಿಸಿದವು.

ಮಲೆನಾಡಿನ ಜೀಪಿನ ಕಥೆ ಇನ್ನೂ ಬೇರೆ. ಮಹೀಂದ್ರಾ 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಜೋಡಿಸಲು ತೊಡಗಿತು, ಆಮೇಲೆ ಪರವಾನಗಿ ಪಡೆದು ಇಲ್ಲೇ ತಯಾರಿಸಿತು. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಪ್ರವಾಸಿಗರನ್ನು ಹೊತ್ತು ಏರುವ ಗಾಡಿಗೆ ಯಾವ ಬಿಲ್ಲೆ ಇದ್ದರೂ ನಮ್ಮ ಬಾಯಲ್ಲಿ ಅದು ಜೀಪೇ. ಆದರೆ ಆ ಹೆಸರಿನ ಒಡೆಯರಿಗೆ ಮುಖದ ಬೆಲೆ ಚೆನ್ನಾಗಿ ಗೊತ್ತು. ಮಹೀಂದ್ರಾ ತನ್ನ ರಾಕ್ಸರ್ ಗಾಡಿಯನ್ನು ಅಮೆರಿಕದಲ್ಲಿ ಮಾರಲು ಹೋದಾಗ ಜೀಪ್ ಹೆಸರಿನ ಆಗಿನ ಒಡೆಯ ಫಿಯೆಟ್ ಕ್ರೈಸ್ಲರ್ ದೂರು ಕೊಟ್ಟಿತು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ರೂಪ ಜೀಪಿನದ್ದನ್ನು ಹೋಲುತ್ತದೆ ಎಂದು ತಡೆ ಹಾಕಿತು. ಮುಖ ಬದಲಿಸಿದ ಮೇಲೆಯೇ ದಾರಿ ತೆರೆದದ್ದು.

ಕಳಸದ ಪರಿಚಯಸ್ಥರೊಬ್ಬರು ಕಳೆದ ತಿಂಗಳು ಹಾಸನದ ಬಿ.ಎಂ. ರಸ್ತೆಯ ಎರಡು ಷೋರೂಮುಗಳಿಗೂ ಹೋಗಿ, ಇದೇ ಬಗೆಯ ಇನ್ನೊಂದು ಜೋಡಿಯಾದ ಮಾರುತಿಯ ಗ್ರ್ಯಾಂಡ್ ವಿಟಾರ ಮತ್ತು ಟೊಯೊಟಾದ ಹೈರೈಡರ್ ಎರಡರ ದರಪಟ್ಟಿ ಹಿಡಿದು ನಮ್ಮ ಮನೆಗೆ ಬಂದರು. ಯಾವುದು ಒಳ್ಳೆಯದು ಎಂಬುದು ಅವರ ಪ್ರಶ್ನೆ. ನಾನು ಪಟ್ಟಿಯನ್ನು ಪಕ್ಕಕ್ಕಿಟ್ಟು, "ಸರ್ವೀಸಿಗೆ ಕಳಸದಿಂದ ಎಲ್ಲಿಗೆ ಹೋಗಬೇಕು, ಬಂಪರ್ ಒಡೆದರೆ ಎಷ್ಟು ದಿನದಲ್ಲಿ ತರಿಸಿಕೊಡುತ್ತಾರೆ, ಕಾರು ಕೈಗೆ ಸಿಗಲು ಎಷ್ಟು ತಿಂಗಳು? ಇವು ಮೂರನ್ನು ಎರಡೂ ಕಡೆ ಕೇಳಿಕೊಂಡು ಬನ್ನಿ" ಎಂದೆ. ಅವರು ಪಟ್ಟಿಯ ಹಿಂಬದಿಯಲ್ಲಿ ಮೂರು ಪ್ರಶ್ನೆಗಳನ್ನೂ ಬರೆದುಕೊಂಡು ಹೋದರು.